ಮರಳ ಕಾವು

ಭಟ್ಟಿಯ ಮರಳು ಕಾದಿದೆಯೋ ಇಲ್ಲವೋ
ಹೇಳುವ ಯಂತ್ರ ನಮ್ಮಲ್ಲಿಲ್ಲ.
ಬಾಣಲೆಯ ಮೇಲೆ ಒಂದು ಗೇಣು ಬಿಟ್ಟು
ಅಂಗೈ ಹಿಡಿಯಬೇಕು, ಅಷ್ಟೆ.
ಖೈರುನ್‌ಬೀ ಕಲಿಸಿದ್ದು ಇದೊಂದನ್ನೇ,
ಅದೂ ಬೈದು ಕಲಿಸಿದ್ದು:
"ಲೆಕ್ಕ ಹಾಕ್ಬೇಡ ಹಾಲಮ್ಮ,
ಲೆಕ್ಕ ಹಾಕೋದ್ರೊಳಗೆ ಅಕ್ಕಿ ಸೀದಿರ್ತೈತೆ."

ಬೇಗ ಸುರಿದರೆ ಅರಳದ ಅಕ್ಕಿ, ಹಲ್ಲಿಗೆ ಕಲ್ಲು.
ತಡವಾದರೆ ಕರಿ.
ನಡುವಿನ ಆ ಒಂದು ಉಸಿರು
ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ.
ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ
ಹತ್ತೊಂಬತ್ತು ವರ್ಷ ನಿಂತು
ನಾನು ಓದಿದ್ದು ಇಷ್ಟು.

ಆ ಮನುಷ್ಯ ಬಂದದ್ದು ಒಂದು ಬುಧವಾರ.
ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು.
ಈ ಹೊಗೆಗೆ ಎಲ್ಲರೂ ಮೂಗು ಮುಚ್ಚುತ್ತಾರೆ,
ಇವನು ಮುಚ್ಚಲಿಲ್ಲ.
ಅಲ್ಲೇ ಎಲ್ಲರಿಗೂ ಇಷ್ಟವಾಗಿಬಿಟ್ಟ.

ತಿರುಪ್ಪೂರಿನಲ್ಲಿ ಬನಿಯನ್ ಫ್ಯಾಕ್ಟರಿ,
ಹುಡುಗಿಯರಿಗೆ ಹಾಸ್ಟೆಲ್ಲು, ಮೂರು ಹೊತ್ತು ಊಟ,
ಮೂರು ವರ್ಷ ಮುಗಿದರೆ ಕೈತುಂಬ ಇಡುಗಂಟು.
"ತಾಯಂದಿರ ಕಷ್ಟ ನನಗೆ ಗೊತ್ತಕ್ಕ,
ನಮ್ಮವ್ವನೂ ಬೀಡಿ ಕಟ್ಟಿದೋಳೇ."
ದನಿ ಎಷ್ಟು ಸಣ್ಣದೆಂದರೆ
ಕೇಳಲು ನಾವೇ ಬಾಗಬೇಕು.
ಎಲ್ಲರೂ ಬಾಗಿದರು.
ಬಾಗಿದವರೆಲ್ಲ ಹೂಂ ಎಂದಂತೆ ಕಾಣುತ್ತಿತ್ತು.

ನಿನಗೇನು ಕಂಡಿತು ಎಂದು ಕೇಳಬೇಡಿ.
ಕಾಗದಕ್ಕೆ ಸೀಲಿತ್ತು, ಮಾತೆಲ್ಲ ಸರಿಯಿತ್ತು.
ನನ್ನ ಹೆಸರು ಕೇಳುವ ಮೊದಲು
ಮಗಳ ವಯಸ್ಸು ಕೇಳಿದ.
ಕೊಟ್ಟ ಮಂಡಕ್ಕಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ,
ಒಂದು ಕಾಳೂ ಬಾಯಿಗೆ ಹೋಗಲಿಲ್ಲ.
ಹುಡುಗಿಯರ ಫೋಟೋ ತೆಗೆಯುವಾಗ
ತುಟಿಗೆ ಬಂದ ನಗು ಅಲ್ಲೇ ಕೂತಿತು,
ಹೋಗುವುದನ್ನೇ ಮರೆತು.
ಇವೆಲ್ಲ ತಪ್ಪೇ? ಅಲ್ಲ.
ನಾಲ್ಕು ಜನರ ಮುಂದೆ ಹೇಳಿದರೆ ನಗುತ್ತಾರೆ.
ಆದರೂ ಅಂಗೈ ನಡುವೆ
ಜುಮ್ಮೆಂದಿತು.

ಹಿಂದೊಮ್ಮೆ ಹೀಗೇ ಜುಮ್ಮೆಂದಿತ್ತು.
ಆಗ ನನಗೆ ಇಪ್ಪತ್ತು.
"ಒಳ್ಳೆ ಮನೆತನ, ಸುಮ್ನಿರೇ" ಎಂದರು,
ಸುಮ್ಮನಿದ್ದೆ.
ಎಡಗಿವಿ ಇವತ್ತಿಗೂ ಸರಿಯಾಗಿ ಕೇಳಿಸುವುದಿಲ್ಲ.
ಅದನ್ನು ಅಲ್ಲಿಗೆ ಬಿಡಿ.
ಇವನು ಬಂದು ಕೂತದ್ದು ಎಡಕ್ಕೇ.
ಆ ಸಣ್ಣ ದನಿ ಅರ್ಧಕ್ಕರ್ಧ ಹೊಗೆಗೆ ಹೋಯಿತು,
ನನಗೆ ಉಳಿದದ್ದು ಅವನ ಕೈ, ಅವನ ಕಣ್ಣು.

ಆಧಾರ್ ಕಾರ್ಡು ಕೇಳಿದ. ಕೊಡಲ್ಲ ಎಂದೆ.
"ಯಾಕಕ್ಕ?"
"ಕೊಡಲ್ಲ."
"ಕಾರಣ ಹೇಳಿ, ಅನುಮಾನ ಇದ್ರೆ ಬಗೆಹರಿಸ್ತೀನಿ."
ಕಾರಣವೆಂದರೆ ಬೀಗ.
ಅವನ ಹತ್ತಿರ ಬೀಗದಕೈಗಳ ಗೊಂಚಲೇ ಇತ್ತು.
ಕಾರಣ ಕೊಡಲಿಲ್ಲ.
ಆಗ ಆ ನಗು ಎದ್ದು ಹೋಯಿತು,
ಕರೆಂಟು ಹೋಗಿ ಬಂದಷ್ಟು ಹೊತ್ತು,
ಮತ್ತೆ ಬಂದು ಕೂತಿತು.

ಪಕ್ಕದ ಮನೆಯ ಚೌಡಮ್ಮ ಹದಿನೈದು ದಿನ ಮಾತು ಬಿಟ್ಟಳು.
"ನಿನ್ನ ದೆಸೆಯಿಂದ ಎಲ್ರದ್ದೂ ಹಾಳಾಯ್ತು."
ಸುಚಿತ್ರ ಉಣ್ಣದೆ ಗೋಡೆ ಕಡೆ ತಿರುಗಿ ಮಲಗಿದಳು.
ಅವನು ಮತ್ತೆ ಬರಲಿಲ್ಲ.
ಪೊಲೀಸರೂ ಬರಲಿಲ್ಲ, ಪೇಪರಿನಲ್ಲೂ ಏನೂ ಬರಲಿಲ್ಲ.
ನಾನು ಗೆದ್ದೆನೆಂದು ಯಾರೂ ಹೇಳುವಂತಿಲ್ಲ.
ನಿಜವಾಗಿ ಒಳ್ಳೆಯವನೇ ಇದ್ದಿರಬಹುದು,
ಅವರವ್ವ ಬೀಡಿ ಕಟ್ಟಿದ್ದಿರಬಹುದು.
ಹಾಗಿದ್ದರೆ ಆ ಅವಮಾನದ ಸಾಲ ನನ್ನ ಮೇಲಿರಲಿ,
ತೀರಿಸಬಹುದಾದ ಸಾಲ ಅದು.

ಭಾನುವಾರ ಮಗಳು ಮುಖ ಊದಿಸಿಕೊಂಡೇ ಭಟ್ಟಿಗೆ ಬಂದಳು.
ಕೈ ಹಿಡಿದು ಮರಳಿನ ಮೇಲೆ ಚಾಚಿದೆ.
"ಈಗ?"
"ಇಲ್ಲ."
"ಈಗ?"
"ಇಲ್ಲ... ಹಾಂ. ಈಗ."
"ಯಾಕೆ ಹಾಂ?"
"ಗೊತ್ತಿಲ್ಲವ್ವ."
ಸುರಿ ಎಂದೆ.

ಅರ್ಧ ಅರಳಿತು, ಅರ್ಧ ಕಲ್ಲು.
ಇರಲಿ. ಮೊದಲ ಬಾಣಲೆ.