ಸೊನ್ನೆ ಟಿಕೇಟು

ರಾಯಚೂರಿನ ದೊಡ್ಡಾಸ್ಪತ್ರೆಯಲ್ಲಿ ನಾನು
ಕಡತಗಳ ಕೋಣೆಯವ.
ತಗಡಿನ ಕೆಳಗೆ ಇಪ್ಪತ್ತೆರಡು ಬ್ಯಾಸಿಗೆ,
ಕೀಲಿಕೈ ಉಡದಾರಕ್ಕೇ ಕಟ್ಟಿಕೊಂಡು ಮಲಗುವವ.

ಮಂದಿಯ ನೋವು ಮಂದಿಯದು,
ಇದು ಕಾನೂನು ಬರುವ ಮೊದಲೂ ಗೊತ್ತಿತ್ತು.
ಆಮೇಲೊಮ್ಮೆ ಎಲ್ಲರನ್ನೂ ಕೂಡಿಸಿ, ಚಹಾ ಬಿಸ್ಕೀಟು ಕೊಟ್ಟು
ಸಾಹೇಬರೊಬ್ಬರು ಓದಿ ಹೇಳಿದರು:
ಹೆಸರು ಹೇಳಬಾರದು, ರೋಗ ಹೇಳಬಾರದು,
ಬಂದಿದ್ದರು ಅಂತಲೂ ಹೇಳಬಾರದು.
ಸಹಿ ಮಾಡುವಾಗ ನನ್ನ ಪೆನ್ನು ಬರೆಯಲಿಲ್ಲ,
ಪಕ್ಕದವನದು ಇಸಕೊಂಡೆ.

ತೀನ್ ಕಂದೀಲಿನ ಹತ್ತಿರ ಒಗ್ಗರಣಿ ಮಂಡಾಳು ತಿನ್ನುವಾಗ
ಬೆನ್ನ ಮೇಲೆ ಕೈಯಿಟ್ಟು ಕೇಳುತ್ತಾರೆ:
'ಹುಡುಗ ಚಲೋ ಅದಾನ್ರೀ, ಹೆಣ್ಣು ಕೊಡಾಕತ್ತೀವಿ,
ಅವನ ಫೈಲು ಒಂದೀಟು ನೋಡಿ ಹೇಳ್ರೆಪ್ಪ.'
ಮಿರ್ಚಿ ಖಾರ ಅಂತ ನೀರು ಕುಡಿಯುತ್ತೇನೆ.
ಚುನಾವಣೆಗೆ ನಿಂತವನ ಆಳು ಲಕೋಟೆ ತಂದಾಗ
'ಎಲ್ಲಾ ಇಲಿ ತಿಂದಾವ್ರೀ' ಅಂದೆ.
(ಇಲಿಗಳಿರುವುದು ನಿಜ. ಎಲ್ಲ ಗೊತ್ತಿರುವುದು ಅವಕ್ಕೇ.)

ನಮ್ಮ ಓಣಿಯದೇ ಒಂದು ಜೀವ
(ಹೆಣ್ಣೋ ಗಂಡೋ ಕೇಳಬೇಡಿ)
ಆರು ತಿಂಗಳು ಬಂದು ಔಷಧಿ ಒಯ್ದಿತು.
ಎದುರಾದರೆ ನಾನೇ ಮುಖ ತಿರುವುತ್ತಿದ್ದೆ.
ಸೊಕ್ಕು ಬಂದೈತಿ ಇವನಿಗೆ, ಅಂದರು. ಅನ್ನಲಿ.

ಮೊನ್ನೆ ಮಂಗಳವಾರ
ಜಂಬಮ್ಮನ ಸೀರೆ ನೆನೆಹಾಕಲು ಎತ್ತಿದರೆ
ಸೆರಗಿನ ಗಂಟಿನಲ್ಲೊಂದು ಚೀಟಿ.
ಹೆಂಗಸರ ಬಿಟ್ಟಿ ಟಿಕೇಟು.
ರಾಯಚೂರಿನಿಂದ ಬಳ್ಳಾರಿ. ದರ ಸೊನ್ನೆ.
ಮಾನವಿಗೆ, ಅಕ್ಕನ ಮನೆಗೆ ಹೋಗಿದ್ದೆ ಅಂದಿದ್ದಳು.
ಚೀಟಿಯ ಹಿಂದೆ ಬೇರೆ ಯಾರದೋ ಅವಸರದ ಅಕ್ಷರ:
ಕೋಣೆ ಹದಿನಾಲ್ಕು, ಮತ್ತೆ ಗುರುವಾರ.
ಅಂಥ ಅಕ್ಷರಗಳ ನಡುವೆಯೇ
ನನ್ನ ತಲೆ ಬೆಳ್ಳಗಾಗಿದೆ.

ಮಾನವಿ ದಾಟಿ, ಸಿಂಧನೂರು ದಾಟಿ,
ಸಿರುಗುಪ್ಪದ ಭತ್ತದ ಗದ್ದೆ ದಾಟಿ
ತಾಸುಗಟ್ಟಲೆ ಕುಂತು ಹೋಗಿದ್ದಾಳೆ
ನನ್ನ ಆಸ್ಪತ್ರೆಗೆ ಬೆನ್ನು ಹಾಕಿ,
ನನ್ನ ಕೀಲಿ ತೆರೆಯದ ಒಂದು ಕೋಣೆಗೆ.

ಏನೆಂದು ಕೇಳಲಿ? ಯಾವ ಬಾಯಿಂದ?
ಇದ್ದ ಹಾಗೇ ಗಂಟು ಕಟ್ಟಿದೆ.
ಸೀರೆ ನೆನೆಹಾಕಲಿಲ್ಲ.
ರಾತ್ರಿ ಉಡದಾರದ ಕೀಲಿಕೈ
ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತು.

ಗುರುವಾರ ನಸುಕಿಗೇ ಎದ್ದು ತಲೆ ಬಾಚಿಕೊಂಡಳು.
'ಮಾನವಿಗೆ ಹೋಗಿ ಬರ್ತೀನಿ.'
ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ
ಅರಿವೆಯಲ್ಲಿ ಸುತ್ತಿ ಕೊಟ್ಟೆ.
'ಕಿಟಕಿ ಕಡೆ ಕುಂದ್ರು. ದೂರ ಐತಿ'
ಅಂದುಬಿಟ್ಟೆ.

ಹೊಸ್ತಿಲ ಮೇಲೆ ನಿಂತು
ಹೊರಳಿ ನೋಡಿದಳು.