ಸೊನ್ನೆಯ ದಪ್ಪ

ಹೆಲ್ವೆ ರೌದ್ಸಿಕ್ ತಂದದ್ದು ಬಿಸ್ಕತ್ತಿನ ತಗಡು ಡಬ್ಬಿ.
ಒಳಗೆ ಒಂಬತ್ತು ಪೆನ್ನು, ಒಂದೊಂದರ ಕತ್ತಿಗೂ
ದಪ್ಪ ಗುರುತಿಸಲು ಒಂದೊಂದು ಬಣ್ಣದ ಬಳೆ.
ತಾರ್ತುವಿನ ಸಸ್ಯ ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ
ಬರೀ ಹಾವಸೆಗಳನ್ನೇ ಬರೆದ ಕೈ ಅದು.
"ಇವಕ್ಕೆ ಶಾಯಿ ಬರುವುದು ನಿಂತಿತು," ಅಂದರು.

"ನಿನ್ನ ಪರದೆಯಲ್ಲಿ ಗೆರೆ ಇದೆ, ಸರಿ.
ಅದನ್ನು ತುಸು ತೆಳುಮಾಡಲು
ಎಲೆಯ ಅಂಚು ಬಿಟ್ಟು ಕೈ ಅಷ್ಟು ದೂರ ಹೋಗಿ
ಮೂಲೆಯ ಚೌಕದಲ್ಲಿ ಅಂಕಿ ಬಡಿಯಬೇಕೆ?
ತಿರುಗಿ ಬರುವಷ್ಟರಲ್ಲಿ
ಎಲೆ ಎತ್ತ ಹೊರಟಿತ್ತೆಂಬುದೇ ಮರೆತಿರುತ್ತದೆ."

ನನ್ನದು ನೆಲಮಾಳಿಗೆಯ ಕೆಲಸ.
ಒಣಗಿದ ಗಿಡಗಳ ಹೆಸರು, ಸಿಕ್ಕ ಜಾಗ, ಕಿತ್ತ ತಾರೀಖು
ಕಂಪ್ಯೂಟರಿಗೆ ಉಣಿಸುವುದು. ಚಿತ್ರ ಬರೆಯುವವನಲ್ಲ.
ಆದರೂ ಎರಡು ಸಂಜೆ ಕೂತೆ:
ಎಡಗೈಗೆ ಹಳೇ ರೇಡಿಯೋದ್ದರಂಥ ತಿರುಗುವ ಗುಂಡಿ,
ಅತ್ತ ತಿರುವಿದರೆ ಗೆರೆ ದಪ್ಪ, ಇತ್ತ ತಿರುವಿದರೆ ತೆಳು,
ಹಲ್ಲಿಗೊಂದು ಮಿಲಿಮೀಟರಿನ ಹತ್ತನೇ ಪಾಲು,
ಶಾಲೆಯ ಅಡಿಪಟ್ಟಿಯಷ್ಟು ಅಚ್ಚುಕಟ್ಟು.

ಅರ್ಧ ಗಂಟೆಗೆ ಮೆಟ್ಟಿಲಿಳಿದು ಬಂದರು.
"ಅಡುಗೆ ಮಾಡುತ್ತೀಯಾ?"
ಮಾಡುತ್ತೇನೆ.
"ಬಟಾಣಿ ಸೂಪಿಗೆ ಮೊದಲ ಚಿಟಿಕೆ ಉಪ್ಪು ಬಿದ್ದರೆ?"
ತಕ್ಷಣ ಗೊತ್ತಾಗುತ್ತದೆ.
"ಮೂವತ್ತಾದ ಮೇಲೆ ಮೂವತ್ತೊಂದನೆಯದು?"
ಅಷ್ಟರಲ್ಲಿ ನಾಲಿಗೆ ಸತ್ತಿರುತ್ತದೆ.
"ನಿನ್ನ ಗುಂಡಿಗೆ ನಾಲಿಗೆಯೇ ಇಲ್ಲ.
ಕೆಳಗೆ ಒಂದು ಹಲ್ಲು ತಿರುವಿದರೆ ಕೂದಲು ಹಗ್ಗವಾಗುತ್ತದೆ,
ಮೇಲೆ ಐದು ತಿರುವಿದರೂ ಹಗ್ಗ ಹಗ್ಗವೇ."

ಆ ರಾತ್ರಿ
ಕೂಡುವುದನ್ನು ಕಿತ್ತು ಗುಣಿಸುವುದನ್ನು ಇಟ್ಟೆ.
ಒಂದೇ ಸಾಲಿನ ಬದಲಾವಣೆ.
ಹಲ್ಲಿಗೆ ಇಷ್ಟೇ ಎಂದಲ್ಲ; ಇದ್ದದ್ದರ ಐದನೇ ಒಂದು ಪಾಲು.
ಆನೆಗೆ ಆನೆಯ ಭಾರ, ಇರುವೆಗೆ ಇರುವೆಯ ಭಾರ.
ಕಿಟಕಿಯಾಚೆ ಎಮಾಯೋಗಿ ಹೊಳೆ
ದಡದ ಕಡೆಯಿಂದ ಹೆಪ್ಪುಗಟ್ಟುತ್ತ ಬಂದಿತ್ತು,
ಅಂಚಿನಲ್ಲಿ ಹಲಗೆಯಷ್ಟು, ಮುಂದೆ ಗಾಜಿನಷ್ಟು,
ಆಮೇಲೆ ನೀರೋ ಅದೋ ತಿಳಿಯದಷ್ಟು.

ಮೂರು ತಿಂಗಳು ಅವರು ಏನೂ ಹೇಳಲಿಲ್ಲ.
ಈ ಕಡೆಯ ಜನ ಮೆಚ್ಚುವುದು ಹಾಗೆಯೇ.
ಮೇಲೆ ಹೋದಾಗೊಮ್ಮೆ ನೋಡಿದೆ,
ಗುಂಡಿಯ ಸುತ್ತ ಉಗುರುಬಣ್ಣದ ಒಂಬತ್ತು ಚುಕ್ಕಿ,
ಹಳೇ ಬಳೆಗಳದೇ ಬಣ್ಣ, ಅದೇ ಕ್ರಮ.

ಮಾರ್ಚಿನಲ್ಲಿ ಕರೆದರು.
ಬಂಡೆಯ ಮೇಲಿನ ಹಾವಸೆ, ಸೂಕ್ಷ್ಮದರ್ಶಕದ ಕೆಳಗೆ ಒಂದೇ ಎಲೆ,
ಎಲೆಯ ತುದಿಗೊಂದು ರೋಮ, ಬಣ್ಣವಿಲ್ಲದ್ದು,
ಸಣ್ಣಗಾಗುತ್ತ ಆಗುತ್ತ
ಬೆಳಕಿನೊಳಕ್ಕೆ ಹೋಗಿಬಿಟ್ಟಿತ್ತು.
"ನಿನ್ನ ಗುಂಡಿ ಇಲ್ಲಿ ನಿಲ್ಲುತ್ತದೆ. ಗೋಡೆ ಕಟ್ಟಿದ್ದು ಯಾರು?"

ನಾನೇ. ಅದಕ್ಕಿಂತ ತೆಳುವಾದರೆ ಅಚ್ಚಿನ ಯಂತ್ರಕ್ಕೆ ಕಾಣದು ಅಂದೆ.
ಗೋಡೆ ಕೆಡವಿದರೂ ಸೊನ್ನೆ ಸಿಗುವುದಿಲ್ಲ ಅಂದೆ:
ಎಷ್ಟು ಭಾಗಿಸಿದರೂ ಅಷ್ಟಿಷ್ಟು ಉಳಿದೇ ಇರುತ್ತದೆ.
ಒತ್ತಾಯದಿಂದ ಸೊನ್ನೆಗೆ ಇಳಿಸಿದೆವೋ, ಅಲ್ಲೇ ಸಿಕ್ಕಿಬಿದ್ದೆವು;
ಸೊನ್ನೆಯ ಐದನೇ ಒಂದು ಪಾಲೂ ಸೊನ್ನೆಯೇ.

ಅವರು ಕನ್ನಡಕ ತೆಗೆದು ಒರೆಸಿದರು.
"ಬಾವಿಗೆ ಇಳಿದವರೆಲ್ಲ ಅಲ್ಲೇ ಇರುತ್ತಾರೇನು?
ಒಂದು ಏಣಿ ಇಡು."

ಇಟ್ಟೆ. ಕೊನೆಯ ಹಲ್ಲಿನಾಚೆ ಇನ್ನೊಂದು ಹಲ್ಲು,
ಅಲ್ಲಿ ಸೊನ್ನೆ. ಅದರ ಪಕ್ಕ ಒಂದು ಷರತ್ತು:
ಸೊನ್ನೆಯಲ್ಲಿದ್ದರೆ, ಗುಣಿಸಬೇಡ,
ಎಲ್ಲಕ್ಕಿಂತ ತೆಳುವಾದದ್ದರಿಂದ ಮತ್ತೆ ಶುರುಮಾಡು.

ಪುಸ್ತಕ ಅಚ್ಚಾಗಿ ಬಂತು. ನಲವತ್ತೆರಡನೇ ಪುಟದಲ್ಲಿ
ರೋಮ ಅರ್ಧ ದಾರಿಗೆ ಮುಗಿಯುತ್ತದೆ,
ಮುಂದೆ ಕಾಗದ.
ಮೂಲ ಕಡತ ನನ್ನಲ್ಲಿತ್ತು, ತೆರೆದು ಎಣಿಸಿದೆ:
ಸೊನ್ನೆ ದಪ್ಪದ ಗೆರೆಗಳು ಹದಿನಾಲ್ಕು.
ಯಾವ ಯಂತ್ರವೂ ಅಚ್ಚು ಹಾಕದವು.
ಅವುಗಳಲ್ಲಿ ಒಂದನ್ನು, ಎಡಕ್ಕೆ ತುಸು ಬಾಗಿದ್ದನ್ನು,
ಅಳಿಸಿ
ಮೂರು ಸಲ ತಿದ್ದಿದ್ದರು.