ನಡಾವಳಿಗೆ ಒಂದು ತಿದ್ದುಪಡಿ

ಮಾರ್ಚ್ ಏಳರ ಸಭೆ. ಮಹಡಿಯ ಮೇಲಿನ ಕೋಣೆ.
ಬರೆದುಕೊಂಡವಳು ನಾನೇ, ಮೈರ್.
ಹಾಜರಿದ್ದವರ ಪಟ್ಟಿಯಲ್ಲಿ ಹನ್ನೊಂದು ಹೆಸರು,
ಕೆಳಗೊಂದು ಗೆರೆ, ಗೆರೆಯ ಕೆಳಗೆ
‘ಎಲಿನೆಡ್: ಗೈರು.’

ಗೈರಲ್ಲ. ಕೆಳಗಿದ್ದಳು.
ಲಿಫ್ಟ್ ಕೆಟ್ಟು ಆರು ವಾರ, ಹದಿನೇಳು ಮೆಟ್ಟಿಲು.
ಮೊದಲ ಮೆಟ್ಟಿಲಿಗೆ ಗಾಲಿ ತಾಗಿಸಿ
ನೆನೆದ ಕೋಟನ್ನು ತೊಡೆಯ ಮೇಲೆ ಹರವಿಕೊಂಡು
ಒಂದೂಮುಕ್ಕಾಲು ಗಂಟೆ ಕೂತಿದ್ದಳು.
ಮೇಲೆ ಕುರ್ಚಿಗಳು ನೆಲ ಕೆರೆದದ್ದು ಕೇಳಿಸಿತಂತೆ,
ಒಮ್ಮೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೂ.

ಚಪ್ಪಾಳೆ ಯಾಕೆಂದರೆ, ಇದೂ ದಾಖಲಾಗಲಿ,
ನಮ್ಮ ಸಂಸ್ಥೆಯ ಸಮಾನತೆಯ ಕರಡು
ಆಗತಾನೆ ಸರ್ವಾನುಮತದಿಂದ ಅಂಗೀಕಾರವಾಗಿತ್ತು.

ಏಪ್ರಿಲ್‌ನಲ್ಲಿ ಸಭೆಯೇ ಕೆಳಗಿಳಿಯಿತು,
ದಾನಕ್ಕೆ ಬಂದ ಬಟ್ಟೆ ಮೂಟೆಗಳ ನಡುವೆ.
ನುಸಿಗುಳಿಗೆಯ ವಾಸನೆ. ಕಿಟಕಿಯಾಚೆ
ಇಳಿತದಲ್ಲಿ ಕೆಸರಾಗಿ ಬಿದ್ದ ಸ್ವಾನ್ಸೀ ಕೊಲ್ಲಿ.
ಅಧ್ಯಕ್ಷ ಯೋರ್ವೆರ್ತ್ ಅವರಿಗೆ
ಮೇಜಿನ ತುದಿಯ ಜಾಗ ಸಿಗಲಿಲ್ಲ; ಮೇಜೇ ಇರಲಿಲ್ಲ.
ಮೊಣಕಾಲ ಮೇಲೆ ಕಾಗದ ಜಾರುತ್ತಾ ಜಾರುತ್ತಾ
ಮೊದಲ ಸಲ ಅವರು ಯಾರೋ ಒಬ್ಬರಂತೆ ಕಂಡರು.

ಹೊಸದಾಗಿ ಬಂದವಳು ಹೊದನ್.
ಕಾರ್ಡಿಫ್ ಹಡಗುಕಟ್ಟೆಯ ಸೋಮಾಲಿ ನಾವಿಕನೊಬ್ಬನ ಮೊಮ್ಮಗಳು.
ಕಿವುಡಿ. (ಹಾಗೇ ಬರೆ, ಮೆತ್ತಗೆ ಮಾಡಬೇಡ ಅಂದಳು.)
ಅವಳ ಕೈಮಾತನ್ನು ದಾಟಿಸಲು ಒಬ್ಬ ಹುಡುಗ;
ಗಂಟೆಗೆ ಅವನಿಗೆಷ್ಟು ಎಂದು ಖಜಾಂಚಿಯ ಕೆಮ್ಮು.
ಮಾತು ಅವಳನ್ನು ಮುಟ್ಟಿ ಮರಳುವಷ್ಟರಲ್ಲಿ
ಗಡಿಯಾರ ನೋಡಿದ್ದು ಯಾರು?
ಎಲಿನೆಡ್.
‘ಬೇಗ ಆಗಲಿ, ನನ್ನ ಬಸ್ಸು ಐದಕ್ಕೆ.’
ಹೊದನ್‌ಳ ಬೆರಳು ಅರ್ಧ ವಾಕ್ಯದಲ್ಲಿ ನಿಂತವು.
ಕೋಣೆ ತುಂಬ ಮಳೆಯ ಸದ್ದು ಮಾತ್ರ.
ಎಲಿನೆಡ್ ಬಗ್ಗಿ ಗಾಲಿಗೆ ಬ್ರೇಕ್ ಹಾಕಿದಳು.
‘ಹೋಗಲಿ ಬಸ್ಸು’ ಅಂದಳು, ಯಾರ ಮುಖವನ್ನೂ ನೋಡದೆ.
ಇದನ್ನು ಬರೆಯಬೇಡ ಎಂದು ಆಮೇಲೆ ಕೇಳಿಕೊಂಡಳು.
ಬರೆದಿದ್ದೇನೆ.

ಟೆಕ್ವಿನ್ ಬಳಿ ಒಂದು ಕೆಂಪು ಚೀಟಿ.
ಅರ್ಥವಾಗದ ಮಾತು ಬಂದರೆ ಎತ್ತು ಎಂದು ನಾವೇ ಕೊಟ್ಟದ್ದು.
ಎರಡು ವರ್ಷ ಜೇಬಿನಲ್ಲೇ ಮೆತ್ತಗಾಗಿತ್ತು.
ಎತ್ತಿದರೆ ನಾವು ನಿಟ್ಟುಸಿರಿಡುತ್ತೇವೆ,
ಅದು ಅವನಿಗೆ ಗೊತ್ತು.
ಅಂದು ಎತ್ತಿದ.

‘ಒಳಗೊಳ್ಳುವಿಕೆ ಅಂದ್ರೇನು?’

ಅಧ್ಯಕ್ಷರು ಬಿಡಿಸಿ ಹೇಳಿದರು:
ಹೊರಗಿದ್ದವರನ್ನೆಲ್ಲ ಒಳಗೆ ಕರೆದುಕೊಳ್ಳೋದು.
ಚೀಟಿ ಇಳಿಯಲಿಲ್ಲ.
‘ಕರೆಯೋರು ಯಾರು?’
‘ನಾವು.’
‘ನಾನು ನಾವು ಅಲ್ವಾ?’

ಒಂದು ಮೂಟೆ ತಾನಾಗಿ ಕುಸಿದು
ಯಾವುದೋ ಮಗುವಿನ ಒಂಟಿ ಕೈಗವಸು ಹೊರಬಿತ್ತು.
ಎಲ್ಲರೂ ಅದನ್ನೇ ನೋಡಿದೆವು, ಅಗತ್ಯಕ್ಕಿಂತ ಹೆಚ್ಚು ಹೊತ್ತು.

ಇಪ್ಪತ್ತೆರಡು ವರ್ಷ ‘ಅವರಿಗಾಗಿ’ ಎಂದು ಬರೆದ ಕೈ ಇದು.
ದೇಣಿಗೆಯ ಕಾಗದದಲ್ಲಿ, ವರದಿಯಲ್ಲಿ,
ಟೆಕ್ವಿನ್ ನಗುತ್ತಿರುವ ಚಿತ್ರದ ಅಡಿಯಲ್ಲಿ
(ಕೇಳಿದ್ದೆವಾ ಅವನನ್ನು? ನೆನಪಿಲ್ಲ).
ಅವರು ಎಂಬುದನ್ನು ಹೊಡೆದು ಹಾಕಬಲ್ಲೆ.
ಆ ಜಾಗದಲ್ಲಿ ‘ನಾವು’ ಎಂದರೆ
ಇನ್ನೂ ಸುಳ್ಳಾದೀತು.
ಕಾಟು ಹಾಕಿ, ಖಾಲಿ ಬಿಟ್ಟಿದ್ದೇನೆ,
ಒಬ್ಬರು ಗಾಲಿ ತಿರುಗಿಸಿಕೊಳ್ಳುವಷ್ಟು ಅಗಲ.

ತಿದ್ದುಪಡಿ ಇಷ್ಟು:
ಮಾರ್ಚ್ ಏಳರಂದು ಹಾಜರಿದ್ದವಳು ಎಲಿನೆಡ್,
ಮೆಟ್ಟಿಲ ಬುಡದಲ್ಲಿ.
ಗೈರಾದವರು ಹನ್ನೊಂದು ಮಂದಿ. ಬರೆದುಕೊಂಡವಳೂ ಸೇರಿ.

ಸೂಚಿಸಿದವನು ಟೆಕ್ವಿನ್. ಅನುಮೋದಿಸಿದವಳು ಹೊದನ್,
ಎರಡೂ ಕೈ ಮೇಲೆತ್ತಿ, ಎಲೆ ಅಲುಗಿದ ಹಾಗೆ ಅಲುಗಿಸಿ.
ಅವಳ ಭಾಷೆಯಲ್ಲಿ ಅದು ಚಪ್ಪಾಳೆಯಂತೆ.
ಕಲಿಯುತ್ತಿದ್ದೇವೆ. ಯೋರ್ವೆರ್ತ್ ಅವರಿಗೆ ಭುಜ ನೋವು,
ಒಂದೇ ಕೈ ಎತ್ತಿದರು.

ಲಿಫ್ಟಿನವನು ಗುರುವಾರ ಬರುತ್ತೇನೆಂದಿದ್ದಾನೆ.
ಯಾವ ಗುರುವಾರ, ಹೇಳಿಲ್ಲ.